ಪೂಜೆಗೆ ಕೂತ ಕಲ್ಲಿನ ಬಾಣ

ಆಸ್ಟಿನ್ನಿನ ಪಕ್ಕದ ಲಿಯಾಂಡರ್ ಊರಿನ ಲಕ್ಷ್ಮೀನಾರಾಯಣರು ಸೊಳ್ಳೆಯನ್ನು ಹೊಡೆಯಬೇಕಾದರೂ ಮೊದಲು ಅದಕ್ಕೆ ಹಾರಿಹೋಗಲು ಒಂದು ಅವಕಾಶ ಕೊಡುತ್ತಿದ್ದರು. ಅಂಥ ಸಾತ್ವಿಕರ ಕೈಯಿಂದ ಜಿಂಕೆ ಕೊಲ್ಲುವ ಬಾಣದ ಮೊನೆಯೊಂದು ತಯಾರಾಯಿತೆಂದರೆ ಅದಕ್ಕೆ ಅವರ ಕೈಗಿಂತ ಬಾಯಿಯೇ ಹೆಚ್ಚು ಕಾರಣ.

ಅವರ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಹಲಗೆಯ ಬೇಲಿ. ಬೇಲಿಯ ಆಚೆ ವೆಂಡೆಲ್ ಎಂಬ ನಿವೃತ್ತ ದಂತವೈದ್ಯರಿದ್ದರು. ಹೆಂಡತಿ ಮಾರ್ಥಾ ತೀರಿಕೊಂಡ ಮೇಲೆ ಒಂಟಿ. ಜೀವಮಾನವೆಲ್ಲ ಊರವರ ಹಲ್ಲು ಕೆರೆದ ಕೈ ಸುಮ್ಮನಿರಲಾರದೆ ಈಗ ಕಲ್ಲು ಕೆರೆಯುತ್ತಿತ್ತು. ಅಂಗೈಯಲ್ಲಿ ಚರ್ಮದ ತುಂಡು ಹಾಸಿಕೊಂಡು, ಹಳ್ಳದ ದಂಡೆಯಿಂದ ತಂದ ಚಕಮಕಿ ಕಲ್ಲನ್ನು ಅದರ ಮೇಲಿಟ್ಟು, ಜಿಂಕೆಯ ಕೊಂಬಿನ ತುದಿಯಿಂದ ಅಂಚನ್ನು ಒತ್ತಿದರೆ ಉಗುರಿನಷ್ಟು ತೆಳ್ಳಗಿನ ಚೂರೊಂದು ಟಿಕ್ಕೆಂದು ಹಾರುತ್ತಿತ್ತು. ಹೀಗೆ ಚೂರು ಹಾರಿಸುತ್ತಾ ಹೋದರೆ ಕೊನೆಗೆ ಬಾಣದ ಮೊನೆ ಉಳಿಯುತ್ತಿತ್ತು. ಬಿಲ್ಲು ಮರದ್ದಿರಬೇಕು, ಮೊನೆ ಕಲ್ಲಿನದಿರಬೇಕು, ಎರಡನ್ನೂ ಕೈಯಲ್ಲೇ ಮಾಡಿರಬೇಕು ಎಂಬುದು ಅವರ ಬಿಲ್ಲುಗಾರರ ಕ್ಲಬ್ಬಿನ ವ್ರತ.

ಒಂದು ಭಾನುವಾರ ಲಕ್ಷ್ಮೀನಾರಾಯಣರು ಬೇಲಿಯ ಮೇಲೆ ಗದ್ದ ಇಟ್ಟು ನೋಡಿದರು. ವೆಂಡೆಲ್ ಮುಗಿದ ಮೊನೆಯೊಂದನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋಗಿದ್ದರೆ ಈ ಕಥೆಯೇ ಇಲ್ಲ.

"ನಮ್ಮ ವಂಶದಲ್ಲೂ ಧನುರ್ವಿದ್ಯೆ ಇದೆ, ಡಾಕ್ಟ್ರೇ," ಎಂದರು ಲಕ್ಷ್ಮೀನಾರಾಯಣರು.

ವೆಂಡೆಲ್ ಕನ್ನಡಕ ತೆಗೆದರು. "ಹೌದಾ? ಯಾರು?"

"ನಮ್ಮ ತಾತ. ದೊಡ್ಡ ಗುರುಗಳು. ರಾಜಕುಮಾರರಿಗೆಲ್ಲ ಕಲಿಸಿದವರು."

ಇದನ್ನು ಸುಳ್ಳೆನ್ನುವಂತಿಲ್ಲ. ತಾತನವರು ನಂಜನಗೂಡಿನ ಮಿಡ್ಲ್‌ಸ್ಕೂಲಿನ ನಾಟಕದಲ್ಲಿ ಬಿಲ್ಲುವಿದ್ಯೆಯ ಗುರುವಿನ ಪಾರ್ಟು ಮಾಡಿದ್ದರು. ಕಿರೀಟ ಇಟ್ಟುಕೊಂಡ ಹುಡುಗರ ಸಾಲಿಗೆ ರಂಗದ ಮೇಲೆ ಪಾಠ ಹೇಳಿದ್ದರು. ಗಡ್ಡ ಕಳಚಿ ಬೀಳುವವರೆಗೂ ಚೆನ್ನಾಗಿಯೇ ಹೇಳಿದ್ದರಂತೆ.

ಅಡಿಗೆಮನೆಯ ಕಿಟಕಿಯಿಂದ ಇದೆಲ್ಲ ಅವರ ಹೆಂಡತಿ ದಾಕ್ಷಾಯಣಿಯ ಕಿವಿಗೆ ಬಿತ್ತು. ಊಟಕ್ಕೆ ಬಡಿಸುವಾಗ ಆಕೆ ಹೇಳಿದಳು: "ಹುರುಳಿಕಾಯಿ ಹೆಚ್ಚೋಕೆ ಕೂತ್ರೆ ಬೆರಳು ಹೆಚ್ಕೋತೀರ. ನಿಮ್ಮ ವಂಶದಲ್ಲಿ ಧನುರ್ವಿದ್ಯೆ!"

ಮರುವಾರ ವೆಂಡೆಲ್ ಬೇಲಿಯ ಮೇಲಿಂದ ಒಂದು ಕಲ್ಲು, ಒಂದು ಕೊಂಬು, ಒಂದು ಚರ್ಮದ ತುಂಡು ದಾಟಿಸಿದರು. ಗುರುವಿನ ಮೊಮ್ಮಗ ಸುಮ್ಮನೆ ನಿಂತು ನೋಡುವುದನ್ನು ಅವರಿಂದ ಸಹಿಸಲಾಗಲಿಲ್ಲ. ಲಕ್ಷ್ಮೀನಾರಾಯಣರು ಕೊಂಬನ್ನು ಮುಟ್ಟುವ ಮೊದಲು, ಇದು ಕೊಂದು ತೆಗೆದದ್ದೇ ಎಂದು ವಿಚಾರಿಸಿದರು. ಅಲ್ಲ, ವರ್ಷಕ್ಕೊಮ್ಮೆ ಜಿಂಕೆ ತಾನೇ ಉದುರಿಸುತ್ತದೆ, ಕಾಡಿನಲ್ಲಿ ಆರಿಸಿಕೊಂಡದ್ದು ಎಂದು ತಿಳಿದು ಸಮಾಧಾನವಾಯಿತು. ಚರ್ಮಕ್ಕೆ ಆ ಸಮಾಧಾನವಿರಲಿಲ್ಲ. ಆದರೆ ತಮ್ಮ ಉಪನಯನದಲ್ಲಿ ಜನಿವಾರಕ್ಕೆ ಕಟ್ಟಿದ್ದ ಕೃಷ್ಣಾಜಿನದ ಚೂರು, ಅದೂ ಜಿಂಕೆಯ ಚರ್ಮವೇ, ನೆನಪಾಗಿ ಅದನ್ನೂ ಸ್ವೀಕರಿಸಿದರು. ಆಸೆ ಮುಂದೆ ನಡೆದರೆ ಶಾಸ್ತ್ರ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಆ ಬೇಸಗೆಯೆಲ್ಲ ಟಿಕ್ ಟಿಕ್. ಮೊದಮೊದಲು ಕಲ್ಲೇ ಎರಡು ಹೋಳಾಗುತ್ತಿತ್ತು. "ಅಂಚನ್ನು ಮೊದಲು ಉಜ್ಜಿ ಸ್ವಲ್ಪ ಮೊಂಡು ಮಾಡು, ಲಕ್ಕಿ. ತೀರಾ ಚೂಪಿದ್ದರೆ ಒತ್ತಿದ ಕೂಡಲೇ ಪುಡಿಯಾಗುತ್ತೆ," ಎಂದು ವೆಂಡೆಲ್ ಹೇಳಿಕೊಟ್ಟರು. ಲಕ್ಷ್ಮೀನಾರಾಯಣ ಎಂಬ ಹೆಸರನ್ನು ಅವರು ಮೊದಲ ದಿನವೇ ಒಡೆದು ಲಕ್ಕಿ ಎಂಬ ಚೂರನ್ನು ಉಳಿಸಿಕೊಂಡಿದ್ದರು.

ಲಕ್ಷ್ಮೀನಾರಾಯಣರ ಬೆರಳುಗಳಿಗೆಲ್ಲ ಬ್ಯಾಂಡೇಜು ಬಿತ್ತು. ಆಫೀಸಿನಲ್ಲಿ ಕೀಬೋರ್ಡಿನ ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಅಕ್ಷರಗಳೂ ಏಳುತ್ತಿದ್ದವು. ಅವರ ಮೇಲಧಿಕಾರಿಣಿ ಒಂದು ದಿನ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಮೆತ್ತಗೆ ಕೇಳಿದಳು: "ಮನೆಯಲ್ಲಿ ಎಲ್ಲ ಸರಿಯಾಗಿದೆಯೇ? ನಿಮ್ಮ ಹೆಂಡತಿಯವರು... ಸ್ವಲ್ಪ ಕೋಪಿಷ್ಠರೇ?" ಲಕ್ಷ್ಮೀನಾರಾಯಣರು ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಹೌದೆಂದರು. ಆ ಸಂಜೆಯೇ ಮನೆಗೆ ಒಬ್ಬ ಆಪ್ತಸಲಹೆಗಾರ್ತಿ ಫೋನ್ ಮಾಡಿದಳು. ಫೋನ್ ಎತ್ತಿದ್ದು ದಾಕ್ಷಾಯಣಿ. ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ.

ಹೈಸ್ಕೂಲಿನಲ್ಲಿದ್ದ ಮಗಳು ನಿಶಿತಾ ಮಾತ್ರ ಕೈಮುಗಿದು ಬೇಡಿಕೊಂಡಳು: "ಡ್ಯಾಡ್, ಪ್ಲೀಸ್. ಜಸ್ಟ್ ಕಲೆಕ್ಟ್ ಸ್ಟ್ಯಾಂಪ್ಸ್."

ಭಾದ್ರಪದದ ಹೊತ್ತಿಗೆ ಭಗವಂತ ಕಣ್ಣು ಬಿಟ್ಟ. ಜೇನಿನ ಬಣ್ಣದ ಕಲ್ಲಿನಿಂದ ಒಂದು ಮೊನೆ ಹೊರಬಂತು. ಎರಡು ಕಡೆಯೂ ಸಮ, ತುದಿ ಸೂಜಿ, ಬುಡದಲ್ಲಿ ನಾರು ಕಟ್ಟುವುದಕ್ಕೆ ಎರಡು ಕಚ್ಚು. ಮೊದಲ ಫಲ ಗುರುವಿಗೆ ಸಲ್ಲಬೇಕು. ಲಕ್ಷ್ಮೀನಾರಾಯಣರು ಆಸ್ಟಿನ್ನಿನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ವೀಳ್ಯದೆಲೆ ತಂದು, ಎಲೆಯ ಮೇಲೆ ಅಡಿಕೆ, ಅಡಿಕೆಯ ಪಕ್ಕ ಮೊನೆ ಇಟ್ಟು, ಎರಡು ಕೈಯಲ್ಲಿ ವೆಂಡೆಲರಿಗೆ ಕೊಟ್ಟರು.

"ಗುರುದಕ್ಷಿಣೆ," ಎಂದರು. ಗುರು ಕೇಳಿದ್ದನ್ನು ಶಿಷ್ಯ ಇಲ್ಲವೆನ್ನಬಾರದು, ಶಿಷ್ಯ ಕೊಟ್ಟದ್ದನ್ನು ಗುರು ಬೇಡವೆನ್ನಬಾರದು ಎಂದು ವಿವರಿಸಿದರು.

ಆಗ ವೆಂಡೆಲರ ಜೊತೆಯಲ್ಲಿ ಕ್ಲಬ್ಬಿನ ಅರ್ಲ್ ಎಂಬ ಭಾರಿ ಮೈಯ ಮನುಷ್ಯನೂ ಕುಳಿತಿದ್ದ. ವೆಂಡೆಲ್ ಮೊನೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರ್ಲ್ ಅವರ ಮುಖವನ್ನೇ ನೋಡುತ್ತಿದ್ದ. ವೆಂಡೆಲ್ ಗಂಟಲು ಸರಿಮಾಡಿಕೊಂಡರು.

"ಮಾರ್ಥಾ ಹೋದ ಮೇಲೆ ನಾನು ಬೇಟೆಗೆ ಹೋಗಿಲ್ಲ, ಲಕ್ಕಿ. ಈ ಅಕ್ಟೋಬರಿನಲ್ಲಿ ಹೋಗ್ತೀನಿ. ಮೊದಲ ಜಿಂಕೆ ನಿನ್ನ ಮೊನೆಗೇ. ನಿನ್ನ ತಾತನ ಹೆಸರಿನಲ್ಲಿ."

"ಅಂತೂ ಹೊರಟೆಯಲ್ಲಪ್ಪ!" ಎಂದು ಅರ್ಲ್ ಇಬ್ಬರ ಬೆನ್ನಿಗೂ ಒಂದೊಂದು ಗುದ್ದಿದ. ಗುದ್ದು ಬಿದ್ದಾಗ ಲಕ್ಷ್ಮೀನಾರಾಯಣರ ಬಾಯಿಂದ ಹೊರಟ ಶಬ್ದವನ್ನು ಎಲ್ಲರೂ ಸಂತೋಷವೆಂದು ತಿಳಿದರು.

ಮನೆಗೆ ಬಂದು ಅವರು ಸೋಫಾದ ಅಂಚಿನಲ್ಲಿ ಕುಳಿತರು. ಕೊಂದವನಿಗೂ, ಆಯುಧ ಮಾಡಿಕೊಟ್ಟವನಿಗೂ, ನೋಡಿ ತಲೆಯಾಡಿಸಿದವನಿಗೂ ಪಾಪದಲ್ಲಿ ಪಾಲು ಸಮ ಎಂದು ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದರು. ತಮ್ಮದು ಎರಡು ಪಾಲಾಯಿತು. ಸಾಲದೆಂಬಂತೆ ತಾತನ ಹೆಸರೂ ಸೇರಿತು. ಏಕಾದಶಿ ತಪ್ಪಿಸದ ತಾತ.

"ಕೊಟ್ಟಿದ್ದನ್ನ ವಾಪಸ್ ಕೇಳ್ತೀರಾ?" ಎಂದಳು ದಾಕ್ಷಾಯಣಿ.

"ಹೇಗೆ ಕೇಳ್ಲಿ?"

"ಹಾಗಾದ್ರೆ ನೇರವಾಗಿ ಹೇಳಿ. ನಾವು ಪ್ರಾಣಿ ಕೊಲ್ಲೋ ಜನ ಅಲ್ಲ, ಅದು ಷೋಕೇಸಿಗೆ ಅಂತ ಮಾಡಿದ್ದು ಅನ್ನಿ."

"ಅವರು ಗ್ಯಾರೇಜ್ ಬಾಗಿಲು ತೆಗೆದಿದಾರೆ ಕಣೆ. ಆಯಮ್ಮ ಹೋದ್ಮೇಲೆ ಇದೇ ಮೊದಲು. ಅರ್ಲ್ ಜೊತೆ ಕೂತ್ಕೊಂಡು ಬಿಲ್ಲಿಗೆ ಎಣ್ಣೆ ಹಚ್ತಾ ಶಿಳ್ಳೆ ಹೊಡೀತಿದಾರೆ. ನಿಲ್ಲಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ವಂಶದಲ್ಲಿ ಧನುರ್ವಿದ್ಯೆ ಇದೆ ಅಂದ್ರಲ್ಲ, ಅದೇ ಬಾಯಲ್ಲಿ."

ಹೇಳಲಾಗಲಿಲ್ಲ. ಒಂದು ಕಡೆ ಜಿಂಕೆಯ ಪ್ರಾಣ, ಇನ್ನೊಂದು ಕಡೆ ಮುದುಕನ ಶಿಳ್ಳೆ. ಎರಡನ್ನೂ ಉಳಿಸುವ ದಾರಿ ಲಕ್ಷ್ಮೀನಾರಾಯಣರಿಗೆ ತೋಚಲಿಲ್ಲ. ತೋರಿಸಿಕೊಟ್ಟವಳು ಮಗಳು.

ನವರಾತ್ರಿಯಲ್ಲಿ ನಿಶಿತಾ ಬೇರಾವ ಪೂಜೆಗೂ ಇಲ್ಲದ ಭಕ್ತಿಯಿಂದ ಕ್ಯಾಲ್ಕುಲಸ್ ಪುಸ್ತಕವನ್ನೂ ಅದರ ಜೊತೆ ಮನೆಯಲ್ಲಿದ್ದ ಎಲ್ಲ ಪಠ್ಯಪುಸ್ತಕಗಳನ್ನೂ ತಂದು ಸರಸ್ವತಿಯ ಮುಂದೆ ಪೇರಿಸಿದಳು. "ಪೂಜೆಗಿಟ್ಟಿದ್ದು ಟಚ್ ಮಾಡ್ಬಾರ್ದು, ರೈಟ್? ನೋ ಸ್ಟಡಿಯಿಂಗ್ ಟಿಲ್ ಗಾಡ್ ಲೀವ್ಸ್."

ಲಕ್ಷ್ಮೀನಾರಾಯಣರು ಮಗಳನ್ನು ಅಪ್ಪಿಕೊಂಡರು. ಪೂಜೆಗಿಟ್ಟ ಆಯುಧವನ್ನು ವಿಸರ್ಜನೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ವಿಸರ್ಜನೆಯೇ ಆಗದಿದ್ದರೆ? ಬೇಟೆಯ ಕಾಲ ಮುಗಿಯುವವರೆಗೆ ದೇವರನ್ನು ಮನೆಯಲ್ಲೇ ಉಳಿಸಿಕೊಂಡರೆ?

ಕೂಡಲೇ ಬೇಲಿಯ ಬಳಿ ಓಡಿದರು. "ಡಾಕ್ಟ್ರೇ, ನಾಳೆ ನಮ್ಮಲ್ಲಿ ಆಯುಧಪೂಜೆ. ಆ ಬಾಣ ಪೂಜೆಯಾಗದೆ ಕಾಡಿಗೆ ಹೋಗಬಾರದು. ದೇವರು ಹೊರಟ ಮೇಲೆ ವಾಪಸ್ ಕೊಡ್ತೀನಿ."

ವೆಂಡೆಲ್ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡು, ಆ ಮೊನೆ ಕಟ್ಟಿ ಸಿದ್ಧಮಾಡಿದ್ದ ಬಾಣವನ್ನು ಒಪ್ಪಿಸಿದರು. ಅವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಬ್ಯಾಪ್ಟಿಸ್ಟರು. ಇನ್ನೊಬ್ಬರ ದೇವರನ್ನು ಕಾಯಿಸಬಾರದೆಂಬ ಮರ್ಯಾದೆ ಬಲ್ಲವರು.

ಬಾಣ ದಸರಾ ಗೊಂಬೆಗಳ ಮೆಟ್ಟಿಲ ಕೆಳಗೆ, ಕಲಶದ ಪಕ್ಕ, ನಿಶಿತಾಳ ಕ್ಯಾಲ್ಕುಲಸ್ಸಿಗೆ ಒರಗಿ ಕುಳಿತಿತು. ಮೊನೆಗೆ ಅರಿಶಿನ, ಕುಂಕುಮ, ಸೇವಂತಿಗೆ. ಅದೇ ಸಂಜೆ ಫ್ಲೂಗರ್‌ವಿಲ್ಲಿನ ರಾಜಲಕ್ಷ್ಮಿ ಗೊಂಬೆ ನೋಡಲು ಬಂದರು. ಇವರು ಕನ್ನಡ ಸಂಘದ ಮಹಿಳಾ ಕಾರ್ಯದರ್ಶಿ. ಸುದ್ದಿಯನ್ನು ಕೊಂಚವೂ ಹಳಸಲು ಬಿಡದವರು.

"ಏನ್ರೀ ದಾಕ್ಷಾಯಣಿ, ಬಾಣ! ತುದೀಲಿ ರಕ್ತ!"

"ಅಯ್ಯೋ, ಕುಂಕುಮ ಕಣ್ರೀ. ನಮ್ಮೋರು ಕಲ್ಲಲ್ಲಿ ಮಾಡಿದ್ದು. ಪಕ್ಕದ ಮನೆಯೋರು ಜಿಂಕೆ ಹೊಡೆಯೋಕೆ."

ರಾಜಲಕ್ಷ್ಮಿ ಅರಿಶಿನ ಕುಂಕುಮ ತೆಗೆದುಕೊಂಡರು, ಉಸ್ಲಿಯ ಪೊಟ್ಟಣ ತೆಗೆದುಕೊಂಡರು, "ಪಾಪ, ಕುಂಕುಮಾನೇ ಇರ್ಲಿ ಬಿಡಿ" ಎಂದು ಆಕೆಯ ಕೈ ಸವರಿ ಹೊರಟರು. ಸುದ್ದಿ ರಾತ್ರಿ ಊಟದ ಹೊತ್ತಿಗೆ ಹ್ಯೂಸ್ಟನ್ ಮುಟ್ಟಿತು. ಬೆಳಿಗ್ಗೆ ಡಲ್ಲಾಸಿನ ಪಕ್ಕದ ಮರ್ಫಿಯಿಂದ ದಾಕ್ಷಾಯಣಿಯ ತಮ್ಮ ಉದಯಶಂಕರ ಫೋನ್ ಮಾಡಿದ.

"ಭಾವ, ಬೇಟೆ ಶುರು ಮಾಡಿದೀರಂತೆ?"

"ಯಾರೋ ಹೇಳಿದ್ದು?"

"ಹ್ಯೂಸ್ಟನ್ನಿಂದ ಫೋನ್ ಬಂತು. ಎರಡು ಜಿಂಕೆ ಹೊಡೆದ್ರಂತೆ. ಹಿತ್ತಲಲ್ಲಿ ಚರ್ಮ ಒಣಗಿ ಹಾಕಿದೀರಂತೆ."

"ಒಂದೂ ಹೊಡೆದಿಲ್ಲ ಕಣೋ!"

"ಗುರಿ ತಪ್ತಾ? ಹೋಗ್ಲಿ ಬಿಡಿ, ಹೊಸದರಲ್ಲಿ ಹಾಗೇನೇ. ಅಕ್ಕನಿಗೆ ಕೊಡಿ ಫೋನು. ಅಕ್ಕಾ, ಅಳಬೇಡ. ಬೇಕಿದ್ರೆ ಸ್ವಲ್ಪ ದಿನ ಇಲ್ಲಿಗೆ ಬಂದಿರು."

ವಿಜಯದಶಮಿ ಬಂತು, ಹೋಯಿತು. ಊರಿನ ಉಳಿದ ಮನೆಗಳಿಂದ ದೇವಿ ಹೊರಟಳು. ಲಕ್ಷ್ಮೀನಾರಾಯಣರ ಮನೆಯಲ್ಲಿ ಮಾತ್ರ ಕೂತೇ ಇದ್ದಳು. ಅವರು ದೇವಸ್ಥಾನದ ಹಯಗ್ರೀವ ಭಟ್ಟರಿಗೆ ಫೋನ್ ಹಚ್ಚಿ, ಯಾರದೋ ಸಂಶಯವೆಂಬಂತೆ ಕೇಳಿದರು: "ಭಟ್ಟರೇ, ವಿಸರ್ಜನೆ ಮಾಡದೇ ಇದ್ರೆ ಅಮ್ಮನವರು ಎಷ್ಟು ದಿನ ಇರ್ತಾರೆ?"

"ಊಟ ಹಾಕಿದಷ್ಟು ದಿನ ಇರ್ತಾಳೆ. ಮನೆಗೆ ಬಂದ ಹೆಣ್ಣುಮಗಳನ್ನ ಯಾರು ಹೋಗು ಅಂತಾರೆ? ಆದ್ರೆ ನೈವೇದ್ಯ ತಪ್ಪೋಹಾಗಿಲ್ಲ, ಸ್ವಾಮೀ. ಎರಡು ಹೊತ್ತು. ಮಡೀಲಿ."

ಮಡಿಯಲ್ಲಿ ಎರಡು ಹೊತ್ತು ಯಾರು ಬೇಯಿಸಬೇಕೆಂಬುದನ್ನು ಭಟ್ಟರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ವೆಂಡೆಲ್ ದಿನವೂ ಸಂಜೆ ಬಂದು ಹೊಸ್ತಿಲ ಹೊರಗೆ ಬೂಟು ಬಿಚ್ಚಿ ಕೇಳುವರು: "ದೇವರು ಹೊರಟರೇ?"

"ಇನ್ನೂ ಇದಾರೆ, ಡಾಕ್ಟ್ರೇ."

"ಇರಲಿ, ಇರಲಿ. ಅವಸರ ಮಾಡಬೇಡಿ."

ಎಂಥ ಸೌಜನ್ಯ ಎಂದು ಲಕ್ಷ್ಮೀನಾರಾಯಣರ ಕಣ್ಣು ತೇವವಾಗುತ್ತಿತ್ತು. ವೆಂಡೆಲ್ ಕುಳಿತು ಉಸ್ಲಿ ತಿಂದು, ಪಾಯಸ ಕುಡಿದು, ಬಾಣಕ್ಕೆ ದೂರದಿಂದ ತಲೆ ಬಾಗಿಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಅರ್ಲ್ ಕ್ಲಬ್ಬಿನಲ್ಲಿ ಸುದ್ದಿ ಹಬ್ಬಿಸಿದ್ದ. ಬೇರೆಯವರ ಬಾಣಕ್ಕೆ ದಿನವೊಂದು ಸಾಕಂತೆ, ವೆಂಡೆಲನ ಬಾಣಕ್ಕೆ ವಾರಗಟ್ಟಲೆ ಶಕ್ತಿ ತುಂಬುತ್ತಿದ್ದಾರಂತೆ. ಬಿಲ್ಲುಗಾರರು ಒಬ್ಬೊಬ್ಬರಾಗಿ ಬಂದರು. ಒಬ್ಬ ಬಾಣದ ಕಟ್ಟು ತಂದ, ಒಬ್ಬ ಬಿಲ್ಲು ತಂದ, ಒಬ್ಬ ತನ್ನ ಪಿಕಪ್ ಟ್ರಕ್ಕನ್ನೇ ಹುಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ ಇದಕ್ಕೂ ಆಗುತ್ತದೆಯೇ ಎಂದ. ಲಕ್ಷ್ಮೀನಾರಾಯಣರಿಗೆ ಇದು ಲಾಭವಾಗಿಯೇ ಕಂಡಿತು. ಇಲ್ಲಿ ಕೂತ ಬಾಣ ಕಾಡಿಗೆ ಹೋಗದು. ಸುತ್ತಲಿನ ಜಿಂಕೆಗಳಿಗೆಲ್ಲ ತಾವೊಬ್ಬರೇ ಅಭಯ ಕೊಟ್ಟಂತೆ ಅವರು ಪ್ರತಿ ಬಾಣಕ್ಕೂ ಕುಂಕುಮ ಇಟ್ಟರು. ಟ್ರಕ್ಕಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಪೂಜೆಯ ಮೂಲೆ ಮುಳ್ಳುಹಂದಿಯ ಬೆನ್ನಿನಂತಾಯಿತು. ಬಂದವರೆಲ್ಲ ಸೋಫಾ ತುಂಬಿಕೊಂಡು ಪ್ರಸಾದ ತಿಂದರು.

ಒಂದು ಸಂಜೆ ಅರ್ಲ್ ಎರಡನೆಯ ಸಲ ತಟ್ಟೆ ಒಡ್ಡಿ, "ನಾಳೆಯೂ ಆ ಬೆಲ್ಲದ ಅನ್ನ ಇರುತ್ತೆಯೇ, ಅಮ್ಮಾ?" ಎಂದು ವಿನಯದಿಂದ ಕೇಳಿದ.

ಮರುದಿನ ಬೆಳಿಗ್ಗೆ ಲಕ್ಷ್ಮೀನಾರಾಯಣರು ಏಳುವುದರೊಳಗೆ ದಾಕ್ಷಾಯಣಿ ತಲೆಗೆ ನೀರು ಹಾಕಿಕೊಂಡು, ಮೊಸರನ್ನ ನೈವೇದ್ಯ ಮಾಡಿ, ಕಲಶವನ್ನು ಉತ್ತರಕ್ಕೆ ಕದಲಿಸಿಬಿಟ್ಟಿದ್ದಳು.

"ಹೋಗಿ ಬಾ, ತಾಯಿ," ಎಂದು ಆಕೆ ಕೈಮುಗಿಯುತ್ತಿದ್ದುದು ಅವರ ಕಿವಿಗೆ ಬಿತ್ತು. "ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಈ ಮನೆ ಯಜಮಾನ್ರ ಮೇಲೆ."

"ಏನೇ ಮಾಡ್ಬಿಟ್ಟೆ! ಜಿಂಕೆ!"

"ನಿಮ್ಮ ಜಿಂಕೆ ಉಳಿಸೋಕೆ ನಾನು ಸಾಯ್ಬೇಕಾ? ಎರಡು ಹೊತ್ತು ಮಡಿ ಅಡಿಗೆ, ಅದೂ ಬಾಣಕ್ಕೆ! ನೀವೇ ಹೋಗಿ ಅದರ ಮುಂದೆ ನಿಂತ್ಕೊಳ್ಳಿ, ಹೋಗಿ."

ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಾಣಗಳೂ ತೆಂಗಿನಕಾಯಿ ತಾಂಬೂಲ ಸಮೇತ ಆಯಾ ಮನೆ ಸೇರಿದ್ದವು. ವೆಂಡೆಲರ ಕೈಗೆ ಅವರ ಬಾಣ ಬಂದಾಗ ಅವರು ಯಾಕೋ ಮೊನೆಯ ಕುಂಕುಮವನ್ನೇ ನೋಡುತ್ತಾ ನಿಂತರು. "ಹಾಗಾದರೆ ದೇವರು ಹೊರಟೇಬಿಟ್ಟರು," ಎಂದಷ್ಟೇ ಅಂದರು.

ಹೆಂಡತಿ ಸಿಟ್ಟಿನಲ್ಲಿ ಹೇಳಿದ ಮಾತನ್ನು ಲಕ್ಷ್ಮೀನಾರಾಯಣರು ಸಲಹೆಯೆಂದು ತೆಗೆದುಕೊಂಡರು. ತಾವೂ ಬೇಟೆಗೆ ಬರುವುದಾಗಿ ಹೇಳಿದರು. ಶನಿವಾರ ನಸುಕಿನಲ್ಲಿ ಇಬ್ಬರೂ ಲಾನೋ ಕಡೆಯ ಓಕ್ ಮರಗಳ ಕಾಡಿಗೆ ಹೊರಟರು. ಬೇಟೆಗಾರರು ಮನುಷ್ಯರ ವಾಸನೆ ಬರಬಾರದೆಂದು ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ ಮಾಡುತ್ತಾರಂತೆ. ಲಕ್ಷ್ಮೀನಾರಾಯಣರು ಗಂಧದ ಸೋಪಿನಲ್ಲಿ ಮಾಡಿದ್ದರು. ಇಂಗಿನ ಒಗ್ಗರಣೆಯ ಅವಲಕ್ಕಿ ತಿಂದಿದ್ದರು. ಅಂಗಿಯನ್ನು ಊದುಬತ್ತಿಯ ಹೊಗೆಗೆ ಹಿಡಿದಿದ್ದರು. ಇಷ್ಟಕ್ಕೂ ಓಡಿಹೋಗದ ಜಿಂಕೆಯಿದ್ದರೆ ಕೊನೆಯ ಅಸ್ತ್ರವಾಗಿ ಜೋರಾಗಿ ಕೆಮ್ಮುವುದೆಂದು ನಿಶ್ಚಯಿಸಿದ್ದರು.

ಸೊಪ್ಪಿನ ಮರೆಯಲ್ಲಿ ಕೂತು ಇನ್ನೂ ಕಾಲು ಜೋಮು ಹಿಡಿದಿರಲಿಲ್ಲ. ಜಿಂಕೆ ಬಂದೇಬಿಟ್ಟಿತು. ಇಂಗಿನ ವಾಸನೆ ಅದಕ್ಕೆ ಹಿಡಿಸಿತೋ ಏನೋ, ಮೂಗು ಅರಳಿಸಿಕೊಂಡು ನೆಟ್ಟಗೆ ಇವರ ಕಡೆಗೇ ಬಂದು, ಅಂಗಳದಲ್ಲಿ ನಿಂತ ಹಸುವಿನ ಹಾಗೆ ಪಕ್ಕೆ ತೋರಿಸಿಕೊಂಡು ನಿಂತಿತು. ನೆಲದಿಂದ ಓಕ್ ಕಾಯಿಗಳನ್ನು ಆರಿಸಿ ತಿನ್ನತೊಡಗಿತು. ಅದರ ಹಿಂದೆ ಪೊದೆಯಲ್ಲಿ ಇನ್ನೊಂದರ ಕಿವಿಗಳು ಕಂಡವು.

ವೆಂಡೆಲ್ ಬಿಲ್ಲೆತ್ತಿ ನಾಣನ್ನು ಕೆನ್ನೆಯವರೆಗೆ ಎಳೆದರು.

ಲಕ್ಷ್ಮೀನಾರಾಯಣರು ಕೆಮ್ಮಿದರು. ಅಂದರೆ ಕೆಮ್ಮಲು ಬಾಯಿ ತೆರೆದರು. ಏನೂ ಬರಲಿಲ್ಲ. ಭಜನೆಯಲ್ಲಿ, ಮೀಟಿಂಗಿನಲ್ಲಿ, ಸತ್ಯನಾರಾಯಣ ಪೂಜೆಯ ಸಂಕಲ್ಪದ ನಡುವೆ ಕರೆಯದೆ ಬರುತ್ತಿದ್ದ ಕೆಮ್ಮು ಈ ದಿನ ಕರೆದರೂ ಬರಲಿಲ್ಲ. ಗಂಟಲು ಒಣಗಿ ಹಪ್ಪಳವಾಗಿತ್ತು. ತಾಯಿ ಚಾಮುಂಡಿ, ಒಂದೇ ಒಂದು ಕೆಮ್ಮು ಕೊಡು ಎಂದು ಬೇಡಿದರು. ದೇವಿಯನ್ನು ಬೇಕಾದಷ್ಟು ದಿನ ಹಿಡಿದಿಟ್ಟುಕೊಂಡವರಿಗೆ ಆಕೆ ಇಂದು ಬಿಡುವು ಮಾಡಿಕೊಳ್ಳಲಿಲ್ಲ.

ಬಿಲ್ಲು ನಡುಗತೊಡಗಿತು. ವೆಂಡೆಲ್ ತುಟಿ ಅಲುಗಿಸದೆ ಪಿಸುಗುಟ್ಟಿದರು: "ಲಕ್ಕಿ, ಏನಾದರೂ ಮಾಡು."

"ಏನ್ಮಾಡ್ಲಿ?"

"ಕೆಮ್ಮು. ಸೀನು. ಬಿದ್ದುಬಿಡು. ನೀನು ಏನಾದರೂ ಮಾಡ್ತೀ ಅಂತ ಆಗಿನಿಂದ ಕಾಯ್ತಿದೀನಿ. ನನ್ನ ತೋಳು ಬಿದ್ದುಹೋಗ್ತಿದೆ."

ಹಾಗೆಂದು ಅವರು ಮೆಲ್ಲನೆ ನಾಣು ಸಡಿಲಿಸಿ ಬಿಲ್ಲನ್ನು ಕೆಳಗಿಟ್ಟರು. ಲಕ್ಷ್ಮೀನಾರಾಯಣರು ಬಾಯಿ ಮುಚ್ಚುವುದನ್ನು ಮರೆತು ಅವರನ್ನೇ ನೋಡಿದರು.

"ನಿಮಗೆ ಹೊಡೆಯೋ ಮನಸ್ಸಿರಲಿಲ್ವೇ?"

"ಮಾರ್ಥಾ ಹೋದ ದಿನದಿಂದ ಇಲ್ಲ. ಒಂದನ್ನು ನೋಡಿದರೆ ಅದರ ಹಿಂದೆ ಇನ್ನೊಂದು ನಿಂತಿರುತ್ತೆ. ಅಲ್ಲಿ ನೋಡು." ವೆಂಡೆಲ್ ಪೊದೆಯಲ್ಲಿದ್ದ ಕಿವಿಗಳ ಕಡೆ ಗದ್ದ ತೋರಿಸಿದರು. "ಅದು ಸಂಜೆ ಯಾರ ಜೊತೆ ಹೋಗಬೇಕು?"

ಜಿಂಕೆಯೊಂದೇ ಕಾಯಿ ಕಡಿಯುವ ಸದ್ದು ಮಾಡುತ್ತಿತ್ತು.

"ಮತ್ತೆ ಮೊದಲ ಜಿಂಕೆ ನನ್ನ ಮೊನೆಗೇ ಅಂದಿರಲ್ಲ?"

"ನೀನು ಎಲೆ ಮೇಲಿಟ್ಟು ಎರಡು ಕೈಯಲ್ಲಿ ಕೊಟ್ಟೆ. ಗುರು ಬೇಡ ಅನ್ನೋ ಹಾಗಿಲ್ಲ ಅಂದೆ. ಅರ್ಲ್ ಮುಖ ನೋಡ್ತಿದ್ದ. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ಶಿಳ್ಳೆ ಹೊಡೀತಿದ್ರಿ!"

"ಅರ್ಲ್ ಪಕ್ಕದಲ್ಲೇ ಕೂತಿದ್ದನಲ್ಲ. ನಿನ್ನ ದೇವರು ಹೊರಡದೆ ಕೂತಾಗಲೇ ನಾನು ಮೊದಲ ಸಲ ನೆಮ್ಮದಿಯಾಗಿ ಊಟ ಮಾಡಿದ್ದು. ನಿನ್ನ ಹೆಂಡತಿ ಬಾಣ ತಂದುಕೊಟ್ಟಾಗ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು."

ಲಕ್ಷ್ಮೀನಾರಾಯಣರು ಒಂದು ನಿಟ್ಟುಸಿರು ಬಿಟ್ಟು, "ನಮ್ಮ ತಾತ ನಾಟಕದಲ್ಲಿ ಪಾರ್ಟು ಮಾಡಿದವರು, ಡಾಕ್ಟ್ರೇ," ಎಂದರು.

"ಅದು ನನಗೆ ಗೊತ್ತಿತ್ತು. ನೀನು ಮೊದಲ ದಿನ ಕೊಂಬು ಹಿಡಿದದ್ದು ನೋಡಿದೆನಲ್ಲ."

ಇನ್ನು ಉಳಿದದ್ದು ಅರ್ಲನಿಗೆ ಏನು ಹೇಳುವುದೆಂಬುದು. ವೆಂಡೆಲ್ ಸುಳ್ಳು ಹೇಳುವವರಲ್ಲ. "ಜಿಂಕೆ ಓಡಿಹೋಯಿತು ಅನ್ನಬಹುದು," ಎಂದರು ಯೋಚಿಸಿ. "ಆದರೆ ಅದು ಓಡಬೇಕು."

ಇಬ್ಬರೂ ಎದ್ದು ನಿಂತರು. ವೆಂಡೆಲ್ ಕೆಮ್ಮಿದರು. ಅವರದನ್ನು ಕೇಳಿ ಲಕ್ಷ್ಮೀನಾರಾಯಣರಿಗೂ ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ. ವೆಂಡೆಲ್ ಚಪ್ಪಾಳೆ ತಟ್ಟಿದರು, ಟೊಪ್ಪಿ ಬೀಸಿದರು. ಲಕ್ಷ್ಮೀನಾರಾಯಣರು ಕೆಮ್ಮಿನ ನಡುವೆಯೇ "ಹಚಾ! ಹಚಾ!" ಎಂದು ಕೂಗಿದರು. ಜಿಂಕೆ ತಲೆಯೆತ್ತಿತು. ಒಬ್ಬರ ಬಳಿಕ ಒಬ್ಬರನ್ನು ನೋಡಿತು. ಪೊದೆಯಲ್ಲಿದ್ದ ಇನ್ನೊಂದು ಕೂಡ ಹೊರಗೆ ಬಂದು ಅದರ ಪಕ್ಕ ನಿಂತು ನೋಡಿತು. ಆಮೇಲೆ ಎರಡೂ ತಲೆ ತಗ್ಗಿಸಿ ಜೊತೆಯಾಗಿ ತಿನ್ನತೊಡಗಿದವು.

"ಈಗ?" ಎಂದರು ಲಕ್ಷ್ಮೀನಾರಾಯಣರು.

"ಓಡಬೇಕಾದವರು ನಾವೇ ಅಂತ ಕಾಣುತ್ತೆ," ಎಂದರು ವೆಂಡೆಲ್.

ಅವುಗಳ ಊಟಕ್ಕೆ ಇನ್ನೂ ತೊಂದರೆ ಕೊಡುವುದು ಸರಿಯಲ್ಲವೆಂದು ಇಬ್ಬರೂ ಸೊಂಟ ಬಗ್ಗಿಸಿ, ಉಸಿರು ಹಿಡಿದು, ಒಣಗಿದ ಎಲೆಯೊಂದೂ ಸದ್ದಾಗದಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹಿಂದಕ್ಕೆ ಸರಿದರು. ಅಷ್ಟು ನಿಶ್ಶಬ್ದವಾಗಿ ಆ ಕಾಡಿನಲ್ಲಿ ಯಾವ ಬೇಟೆಗಾರನೂ ನಡೆದಿರಲಾರ.